ಎಳೆಯ ಬರ್ಬನ್‌ಗೆ ನಾನು ಬೆಲೆ ಕಟ್ಟಿದ ಬಗೆ

ದುಬೈಯ ಹೋಟೆಲೊಂದರ ಬಾರಿನಲ್ಲಿ ಹನ್ನೊಂದು ವರ್ಷ ದುಡಿದು ಕುಂಬಳೆಗೆ ಮರಳಿದವನು ನಾನು. ಕಳೆದ ಮೇ ತಿಂಗಳಲ್ಲಿ ರಜೆಗೆ ಬಂದ ಭಾವ, ಸುಂಕವಿಲ್ಲದೆ ತರಬಹುದಾದ ಎರಡು ಲೀಟರಿನ ಮಿತಿಯೊಳಗೆ ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ಎರಡು ಬಾಟಲಿ ತಂದಿದ್ದರು. ಒಂದು ಲೀಟರಿನ ಅಗ್ಗದ ಬಾಟಲಿಗೆ ಅವರು ಕೊಟ್ಟದ್ದು ನಮ್ಮ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ. 750 ಮಿಲಿಲೀಟರಿನ ಇನ್ನೊಂದಕ್ಕೆ 2,900. "ಅಗ್ಗದ್ದು ಕೊಟ್ಟ ಹಣಕ್ಕೆ ತಕ್ಕದ್ದೋ ಅಲ್ಲವೋ, ನೀವೇ ನೋಡಿ ಹೇಳಿ ಭಾವ" ಎಂದು ಅವರು ಕೇಳಿದ್ದರಿಂದ ಈ ಪರೀಕ್ಷೆಗೆ ಕುಳಿತೆ.

ನಾನು ಮೊದಲು ಓದುವುದು ಬಾಟಲಿಯ ಚೀಟಿಯನ್ನು. ಬರ್ಬನ್ ಎನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇಕಡಾ 51ರಷ್ಟು ಮುಸುಕಿನ ಜೋಳವಿರಬೇಕು, ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿರಬೇಕು, ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಬೆರೆಸಿರಬಾರದು. ಚೀಟಿಯಲ್ಲಿ 'ಸ್ಟ್ರೇಟ್' ಎಂಬ ಮಾತಿದ್ದರೆ ಕನಿಷ್ಠ 2 ವರ್ಷ ಮಾಗಿದೆಯೆಂದು ಅರ್ಥ. 4 ವರ್ಷ ತುಂಬದಿದ್ದರೆ ವಯಸ್ಸನ್ನು ಬರೆಯಲೇಬೇಕು. ಆದುದರಿಂದ ವಯಸ್ಸು ಬರೆಯದ ಸ್ಟ್ರೇಟ್ ಬರ್ಬನ್ 4 ವರ್ಷವನ್ನಾದರೂ ಕಂಡಿರುತ್ತದೆ. ಭಾವ ತಂದ ಅಗ್ಗದ ಬಾಟಲಿಯ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ, 24 ತಿಂಗಳು ಎಂದಿತ್ತು, ಎಳೆಯದೇ; ಮದ್ಯಾಂಶ ಶೇಕಡಾ 40. ಇನ್ನೊಂದು 'ಬಾಟಲ್ಡ್ ಇನ್ ಬಾಂಡ್', ಅಂದರೆ ಅಮೆರಿಕದ 1897ರ ಕಾನೂನಿನಂತೆ ಒಂದೇ ಭಟ್ಟಿಯಲ್ಲಿ ಒಂದೇ ಹಂಗಾಮಿನಲ್ಲಿ ಇಳಿಸಿ, ಕನಿಷ್ಠ 4 ವರ್ಷ ಇರಿಸಿ, ಶೇಕಡಾ 50ರ ಮದ್ಯಾಂಶದಲ್ಲಿ ತುಂಬಿಸಿದ್ದು.

ಮೊದಲ ದಿನದ ರುಚಿ ನೋಡುವಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಳೆಯ ಬರ್ಬನ್‌ನಲ್ಲಿ ಕರ್ಪೂರದಂಥ ಒಂದು ಕೆಟ್ಟ ವಾಸನೆ ಬಂತೆಂದು ಬರೆದಿಟ್ಟುಕೊಂಡು, ಆಮೇಲೆ ಬರಿಯ ಲೋಟವನ್ನು ಮೂಸಿದರೆ ಅದರಲ್ಲಿಯೂ ಅದೇ ವಾಸನೆ. ಬಟ್ಟೆಯ ಕಪಾಟಿನ ಮೇಲ್ಗಡೆ ಲೋಟ ಇಟ್ಟದ್ದರಿಂದ ನುಸಿಗುಳಿಗೆಯ ವಾಸನೆ ಹತ್ತಿಕೊಂಡಿತ್ತು. ಮರುದಿನ ಬಿಸಿನೀರಿನಲ್ಲಿ ಮಾತ್ರ ತೊಳೆದು, ಗಾಳಿಗೆ ಒಣಗಿಸಿ, ಬೆಳಗ್ಗೆ ಹತ್ತು ಗಂಟೆಗೆ, ಮೀನು ಹುರಿಯುವ ಹೊತ್ತಾಗುವ ಮೊದಲೇ ಕುಳಿತೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮದ್ಯದ ಆವಿ ಬೇಗನೆ ಎದ್ದು ಮೂಗನ್ನು ಹೊಡೆಯುವುದರಿಂದ, ಲೋಟಗಳನ್ನು ಮಣ್ಣಿನ ಕೊಡದ ನೀರಿನ ಮೇಲೆ ತೇಲುವ ತಟ್ಟೆಯಲ್ಲಿ ಹದಿನೈದು ನಿಮಿಷ ತಂಪಾಗಲು ಬಿಟ್ಟು, ಪ್ರತಿಯೊಂದಕ್ಕೂ 15 ಮಿಲಿಲೀಟರಿನಷ್ಟೇ ಸುರಿದೆ. ಮಂಜುಗಡ್ಡೆ ಹಾಕಲಿಲ್ಲ, ಅದು ಗುಣದೋಷ ಎರಡನ್ನೂ ಮುಚ್ಚಿಬಿಡುತ್ತದೆ.

ಬಣ್ಣವನ್ನು ನೋಡಿ ವಯಸ್ಸನ್ನು ಹೇಳಲು ನಾನು ಹೋಗುವುದಿಲ್ಲ. ಹೊಸ ಪೀಪಾಯಿ ಮೊದಲ ವರ್ಷದಲ್ಲಿಯೇ ಬಹಳಷ್ಟು ಬಣ್ಣವನ್ನು ಬಿಟ್ಟುಕೊಡುತ್ತದೆ.

ಬಾಯನ್ನು ತುಸು ತೆರೆದುಕೊಂಡು ಮೂಸಿದಾಗ ಮೊದಲು ಬಂದದ್ದು, ಬೇಯಿಸಿದ ಜೋಳದ ತೆನೆಯ ಸಿಪ್ಪೆ ಸುಲಿಯುವಾಗ ಏಳುವ ಹಬೆಯ ಪರಿಮಳ. ಅದರ ಹಿಂದೆಯೇ ಕಳಿತ ಗೇರುಹಣ್ಣು, ಆಮೇಲೆ ಆಗ ತಾನೇ ತುರಿದ ತೆಂಗಿನಕಾಯಿ. ಅಮೆರಿಕದ ಬಿಳಿ ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ವಸ್ತು ತೆಂಗಿನ ಪರಿಮಳವನ್ನೇ ಕೊಡುವುದರಿಂದ, ತೆಂಗಿನ ನಾಡಿನವರಿಗೆ ಇದು ಬಲು ಬೇಗ ಸಿಗುತ್ತದೆ. ವೆನಿಲ್ಲಾ ಇತ್ತು, ಆದರೆ ತೆಳುವಾಗಿತ್ತು. ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮ ತೋಟಗಳಲ್ಲೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದ ಕಾಲದಲ್ಲಿ, ಅಮ್ಮ ಬಿಸಿನೀರಿನಲ್ಲಿ ಅದ್ದಿದ ಕೋಡುಗಳನ್ನು ಕಂಬಳಿಯಲ್ಲಿ ಸುತ್ತಿ ಬೆವರಿಸುತ್ತಿದ್ದುದು ನನಗೆ ನೆನಪಿದೆ. ಹಸಿ ಕೋಡಿಗೆ ಪರಿಮಳವೇ ಇರಲಿಲ್ಲ, ವಾರಗಳು ಕಳೆದಂತೆ ಅದು ಒಳಗಿನಿಂದ ಬರುತ್ತಿತ್ತು. ಈ ಬರ್ಬನ್‌ನಲ್ಲಿದ್ದುದು ಅರ್ಧ ಹದವಾದ ಕೋಡಿನ ಪರಿಮಳ. ಬಾಂಡ್ ಬಾಟಲಿಯಲ್ಲಿ ಅದೇ ವೆನಿಲ್ಲಾ ಕಪ್ಪಗೆ, ಎಣ್ಣೆಯಾಡುವಂತೆ ಇತ್ತು, ಹಸಿ ತುರಿಯ ಜಾಗದಲ್ಲಿ ಕೊಬ್ಬರಿ ಇತ್ತು.

ನಾನು ಮುಖ್ಯವಾಗಿ ಹುಡುಕುವುದು ಎಳೆತನ ಬೇರೆ, ಕೆಡುಕು ಬೇರೆ ಎಂಬ ಗೆರೆಯನ್ನು. ಜೋಳದ ವಾಸನೆ, ಹಸಿ ಮರದ ಪುಡಿಯ ವಾಸನೆ, ನಾಲಿಗೆಯ ಬದಿಯಲ್ಲಿ ಎಳೆ ಅಡಿಕೆ ಜಗಿದಂಥ ಚೊಗರು, ಇವು ವಯಸ್ಸಿನವು. ಉಗುರುಬಣ್ಣ ಅಳಿಸುವ ದ್ರವದ ಘಾಟು ಮೂಗಿನಿಂದ ಹೋಗದೆ ನಿಂತರೆ, ಅಥವಾ ಕೊಳೆತ ತರಕಾರಿಯ ವಾಸನೆ ಬಂದರೆ, ಅದನ್ನು ನಾನು ಎಳೆತನವೆಂದು ಮನ್ನಿಸುವುದಿಲ್ಲ. ಒಂದು ಹನಿಯನ್ನು ಅಂಗೈಗೆ ಉಜ್ಜಿದಾಗ ಮದ್ಯ ಆರಿ, ಉಳಿದದ್ದು ಧಾನ್ಯ ಮತ್ತು ಮರದ ಪರಿಮಳ ಮಾತ್ರ. ಕೆಡುಕಿನ ಗುರುತು ಸಿಗಲಿಲ್ಲ. ಬಾಯಲ್ಲಿ ಬೆಲ್ಲದ ಸಿಹಿ ಮುಂದೆ ಬಂದು, ನಡುವೆ ಪೊಳ್ಳಾಗಿ, ಕೊನೆಗೆ ಕಾಳುಮೆಣಸಿನ ಖಾರ ಸ್ವಲ್ಪ ಹೊತ್ತು ನಿಂತಿತು. ಒಂದು ಚಮಚ ನೀರು ಬೆರೆಸಿದಾಗ ಬಾಂಡ್ ಬಾಟಲಿ ಅರಳಿತು, ಎಳೆಯದು ಕುಸಿಯಿತು. ಮರುದಿನ ಬೆಳಗ್ಗೆ ತೊಳೆಯದೆ ಇಟ್ಟಿದ್ದ ಲೋಟಗಳನ್ನು ಮೂಸಿದೆ: ಎಳೆಯದರಲ್ಲಿ ಮರದ ಪುಡಿ, ಇನ್ನೊಂದರಲ್ಲಿ ಸುಟ್ಟ ಸಕ್ಕರೆ.

ಇನ್ನು ಹಣದ ಮಾತು. 30 ಮಿಲಿಲೀಟರಿನ ಪೆಗ್ಗಿಗೆ ಎಳೆಯದು 51 ರೂಪಾಯಿ, ಬಾಂಡ್ ಬಾಟಲಿ 116. ಆದರೆ ಶೇಕಡಾ 50ರ 750 ಮಿಲಿಲೀಟರನ್ನು ನೀರು ಬೆರೆಸಿ 40ಕ್ಕೆ ಇಳಿಸಿದರೆ ಸುಮಾರು 937 ಮಿಲಿಲೀಟರಾಗುವುದರಿಂದ, ಅದರ ನಿಜವಾದ ದರ 93 ರೂಪಾಯಿಯ ಹತ್ತಿರ ಬೀಳುತ್ತದೆ. ಈ ಲೆಕ್ಕವನ್ನು ಮಾಡದೆ ಅಗ್ಗ ಎಂದು ಹೇಳುವವರೇ ಹೆಚ್ಚು. ನಿಧಾನವಾಗಿ ಹೀರುವವರಿಗೆ ಆ 42 ರೂಪಾಯಿಯ ವ್ಯತ್ಯಾಸ ಕೊಡತಕ್ಕದ್ದೇ ಎಂದು ನನ್ನ ತೀರ್ಮಾನ. ಸೋಡಾಕ್ಕೆ ಲಿಂಬೆ, ಜಜ್ಜಿದ ಶುಂಠಿ ಹಾಕಿ ಕುಡಿಯುವವರಿಗೆ ಅಲ್ಲ: ಅಲ್ಲಿ ಎಳೆಯದರ ಜೋಳದ ಸಿಹಿ ಮತ್ತು ಖಾರವೇ ಮೇಲೆ ಬಂದು, ನಡುವಿನ ಪೊಳ್ಳನ್ನು ಶುಂಠಿ ತುಂಬಿತು.

ಹೆಸರು ಹೇಳದೆ ಎರಡು ಲೋಟ ಸೋಡಾ ಬೆರೆಸಿ ಭಾವನ ಮುಂದಿಟ್ಟೆ. ಅವರು ಎರಡನ್ನೂ ಎರಡೆರಡು ಬಾರಿ ಕುಡಿದು ನೋಡಿ, ಎಳೆಯದರ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು.