ಮುದಿ ನೊಣದ ಕರುಳಿನ ಸೋಂಕು: ನನ್ನ ಅನುಭವ

ವಯಸ್ಸಾದ ಹಣ್ಣುನೊಣಗಳಿಗೆ ಬಾಯಿಯ ಮೂಲಕ ಸೋಂಕು ತಗುಲಿಸಿ, ಕರುಳಿನಲ್ಲಿ ಉತ್ಕರ್ಷಣ ಒತ್ತಡ (ಆಮ್ಲಜನಕದ ಚುರುಕು ಅಣುಗಳು, ಅಂದರೆ ಉತ್ಕರ್ಷಕಗಳು, ಜೀವಕೋಶಕ್ಕೆ ಮಾಡುವ ಹಾನಿ) ಎಷ್ಟು ಏರುತ್ತದೆಂದು ಅಳೆಯುವ ಕೆಲಸ ಕಾಲೇಜು ಪ್ರಯೋಗಾಲಯಕ್ಕೆ ಎಟುಕುವಂಥದ್ದಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮುದಿ ನೊಣಗಳು ಸೋಂಕಿನಿಂದ ಸತ್ತವೋ ವಯಸ್ಸಿನಿಂದ ಸತ್ತವೋ ಎಂದು ಬೇರ್ಪಡಿಸಲಾಗದು ಎಂಬುದು ಅವರ ವಾದ. ಈಗ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಪ್ರಯೋಗ ಮಾಡುವ ವಿದ್ಯಾರ್ಥಿ ಬದಲಾದರೂ ನಮ್ಮಲ್ಲಿ ಫಲಿತಾಂಶ ಬದಲಾಗುತ್ತಿಲ್ಲ.

ಮೊದಲು ಕೈಕೊಟ್ಟದ್ದು ಆಹಾರ. ಮೈಸೂರು ಕಡೆಯ ನಾವೆಲ್ಲ ಬಳಸುವ ರವೆ-ಬೆಲ್ಲದ ಮಾಧ್ಯಮದಲ್ಲೇ, ಅಂದರೆ ಲೀಟರ್ ನೀರಿಗೆ ಸುಮಾರು 100 ಗ್ರಾಂ ಬೆಲ್ಲ, ಅಷ್ಟೇ ರವೆ, ಹತ್ತು ಗ್ರಾಂ ಅಗರ್ ಮತ್ತು ಪ್ರೊಪಿಯಾನಿಕ್ ಆಮ್ಲದ ಪಾಕದಲ್ಲಿ, ನೊಣ ಸಾಕಿದೆವು. ಸಾಕುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಕೊಟ್ಟು ಈ ಒತ್ತಡ ಹೆಚ್ಚಿಸಿದಾಗ ಒಂದು ಸಲ ಅರ್ಧದಷ್ಟು ನೊಣ ಸತ್ತರೆ ಇನ್ನೊಂದು ಸಲ ಕಾಲು ಭಾಗವೂ ಸಾಯುತ್ತಿರಲಿಲ್ಲ. ಬೆಲ್ಲದಲ್ಲೇ ಉತ್ಕರ್ಷಣ ನಿರೋಧಕ ಫೀನಾಲ್‌ಗಳಿರುತ್ತವೆ, ಅಂಗಡಿಯ ಒಂದು ಅಚ್ಚಿನಂತೆ ಇನ್ನೊಂದು ಇರುವುದಿಲ್ಲ. ಪ್ರಯೋಗದ ವಯಲ್‌ಗಳಿಗೆ ಮಾತ್ರ ಸಕ್ಕರೆ ಮತ್ತು ಯೀಸ್ಟ್‌ನ ಆಹಾರಕ್ಕೆ ಬದಲಾದ ಮೇಲೆ ಈ ಏರಿಳಿತ ಬಹುಮಟ್ಟಿಗೆ ನಿಂತಿತು.

ಸೋಂಕಿಗೆ ನಾವು ಆರಿಸಿಕೊಂಡದ್ದು ತರಕಾರಿ ಕೊಳೆಸುವ ಎರ್ವಿನಿಯಾ ಎಂಬ ಬ್ಯಾಕ್ಟೀರಿಯಾ. ಎರಡು ಗಂಟೆ ಉಪವಾಸ ಕೆಡವಿ, ಗಟ್ಟಿ ಬ್ಯಾಕ್ಟೀರಿಯಾ ಗಸಿಯನ್ನು 5% ಸುಕ್ರೋಸ್‌ನೊಂದಿಗೆ ಬೆರೆಸಿ ಫಿಲ್ಟರ್ ಕಾಗದದ ಮೇಲೆ ಕೊಡುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಎಳೆಯ ನೊಣಗಳು ಮುಗಿಬಿದ್ದು ತಿನ್ನುತ್ತವೆ. ನಲವತ್ತು ದಿನ ದಾಟಿದವು ಗಾಜಿನ ಗೋಡೆಗೆ ಆತುಕೊಂಡು ಕುಳಿತಿರುತ್ತವೆ ಅಥವಾ ಹಸಿ ಕಾಗದಕ್ಕೆ ರೆಕ್ಕೆ ಅಂಟಿ ಅಲ್ಲೇ ಸಾಯುತ್ತವೆ. ಕೆಲವು ತಿಂಗಳ ಲೆಕ್ಕವನ್ನೇ ಇದು ಹಾಳುಮಾಡಿತು. ಪರಿಹಾರ ಸಿಕ್ಕಿದ್ದು ಗಸಿಗೆ ಬ್ರಿಲಿಯಂಟ್ ಬ್ಲೂ ಬಣ್ಣ ಬೆರೆಸಿದಾಗ. ಸೂಕ್ಷ್ಮದರ್ಶಕದ ಕೆಳಗೆ ಹೊಟ್ಟೆಯಲ್ಲಿ ನೀಲಿ ಗೆರೆ ಕಂಡ ನೊಣ ಮಾತ್ರ ಲೆಕ್ಕಕ್ಕೆ, ಉಳಿದದ್ದು ಹೊರಗೆ. ಕಾಗದ ಎಷ್ಟು ಒಣಗಿರಬೇಕು ಎಂಬ ಗುಟ್ಟನ್ನು ನಮ್ಮ ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅದೇ ಬಣ್ಣ ಎರಡನೆಯ ಕೆಲಸಕ್ಕೂ ಒದಗಿತು. ಕರುಳಿನ ಗೋಡೆ ಸೋರುವ ನೊಣದ ಮೈಯೆಲ್ಲ ನೀಲಿಯಾಗುತ್ತದೆ, ಹಾಗಾದ ನೊಣಕ್ಕೆ ಸಾವು ಹತ್ತಿರ ಎಂದು ಮೈಕಲ್ ರೇರಾ ಮತ್ತು ಡೇವಿಡ್ ವಾಕರ್ ಅವರ ತಂಡ 2012ರಲ್ಲಿ ತೋರಿಸಿತ್ತು. ಸೋಂಕಿಗೆ ಮೊದಲೇ ನೀಲಿಯಾಗಿದ್ದ ಮುದಿ ನೊಣಗಳನ್ನು ತೆಗೆದುಹಾಕಿದ ಮೇಲೆ, ವಯಸ್ಸಿನ ಸಾವನ್ನೂ ಸೋಂಕಿನ ಸಾವನ್ನೂ ಬೇರ್ಪಡಿಸಲಾಗದೆಂಬ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಈ ವಿಂಗಡಣೆ ನಮ್ಮ ಕೆಲಸದ ಬೆನ್ನೆಲುಬು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಣ ಹೆಚ್ಚು ನುಂಗಿದ್ದು ಡೈಹೈಡ್ರೊಎಥಿಡಿಯಂ, ಅಂದರೆ ಕರುಳಿನ ಉತ್ಕರ್ಷಕಗಳನ್ನು ಹೊಳಪಾಗಿ ತೋರಿಸುವ ಬಣ್ಣ. ಒಂದು ಸಣ್ಣ ಶೀಶೆಗೆ ಇಪ್ಪತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ಮೊದಲ ಶೀಶೆ ಸಾಗಣೆಯಲ್ಲಿ ಮಂಜುಗಡ್ಡೆ ಕರಗಿ ಹಾಳಾಗಿಯೇ ಬಂತು, ದುಡ್ಡು ಮರಳಲಿಲ್ಲ. ಈಗ ಬಂದ ದಿನವೇ ಕತ್ತಲಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರ್‌ಗೆ ಸೇರಿಸುತ್ತೇವೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಬಳಸುವುದಿಲ್ಲ. ನಡುವೆ ಅರಿಶಿನವನ್ನೂ ಆಹಾರಕ್ಕೆ ಬೆರೆಸಿ ನೋಡಿದೆ. ಅದರಲ್ಲಿರುವ ಕರ್ಕ್ಯುಮಿನ್ ತಾನೇ ಹೊಳೆಯುವುದರಿಂದ ಕರುಳಿನ ಚಿತ್ರಗಳೆಲ್ಲ ನಿರುಪಯುಕ್ತವಾದವು, ಬದುಕುಳಿದ ನೊಣಗಳ ಎಣಿಕೆಯಷ್ಟೇ ಉಳಿಯಿತು. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ನಿಜವಾದ ಫಲ ಕೊಟ್ಟದ್ದು ಅಸಿಟೈಲ್ ಸಿಸ್ಟೀನ್ ಎಂಬ ಉತ್ಕರ್ಷಣ ನಿರೋಧಕವನ್ನು ಯಾವಾಗ ಕೊಡುತ್ತೇವೆ ಎಂಬುದು. ಸೋಂಕು ಬಂದಾಗ ಕರುಳು ಡುಯಾಕ್ಸ್ ಕಿಣ್ವದ ಮೂಲಕ ತಾನೇ ಉತ್ಕರ್ಷಕಗಳನ್ನು ಸುರಿದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಮೇಲೆ ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಆ ಉತ್ಕರ್ಷಕಗಳನ್ನು ತೊಳೆಯಬೇಕು ಎಂಬುದನ್ನು ಕೊರಿಯಾದ ವಾನ್-ಜೇ ಲೀ ಅವರ ತಂಡ 2005ರಲ್ಲೇ ತೋರಿಸಿದೆ. ಅಂದಮೇಲೆ ಸೋಂಕಿಗೆ ಮೊದಲೇ ಉತ್ಕರ್ಷಣ ನಿರೋಧಕ ಕೊಟ್ಟರೆ ನೊಣದ ಆಯುಧವನ್ನೇ ಕಿತ್ತುಕೊಂಡಂತೆ. ನಮ್ಮಲ್ಲಿಯೂ ಹಾಗೆ ಕೊಟ್ಟ ವಯಲ್‌ಗಳಲ್ಲೇ ಸಾವು ಹೆಚ್ಚು. ಕೆಲವು ಗಂಟೆ ತಡೆದು ಕೊಟ್ಟಾಗ ಮುದಿ ನೊಣಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ಬದುಕಿದವು, ಎಳೆಯವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದೆಲ್ಲ ಹೆಣ್ಣು ನೊಣಗಳ ಲೆಕ್ಕ. ವಯಸ್ಸಾದ ಗಂಡುಗಳ ಕರುಳು ಅಷ್ಟು ಬೇಗ ಕೆಡುವುದಿಲ್ಲ, ಆದ್ದರಿಂದ ಅವುಗಳ ವಯಲ್‌ಗಳನ್ನು ಈ ತಿಂಗಳಿಂದ ಪ್ರತ್ಯೇಕವಾಗಿ ಸಾಕುತ್ತಿದ್ದೇವೆ.