ಗುಂಡನೆಯ ವಸ್ತುವಿನ ನಟ್ಟನಡುವಿನ ಬಿಂದು ಹುಡುಕುವುದು ಹೇಗೆ?

ಡಬ್ಬದ ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರೆ ವೃತ್ತ ಸಿಗುತ್ತದೆ, ಕೇಂದ್ರ ಸಿಗುವುದಿಲ್ಲ. ಗುಂಡನೆಯ ಹಲಗೆಯ ನಡುವೆ ತೂತು ಕೊರೆಯಬೇಕಾದಾಗಲೂ ಇದೇ ತಾಪತ್ರಯ. ಆಗ ಹೆಚ್ಚಿನವರು ಮಾಡುವುದನ್ನು ನೋಡಿದ್ದೇನೆ. ಸ್ಕೇಲ್ ಇಟ್ಟು ಅತ್ತಿತ್ತ ಜರುಗಿಸುತ್ತಾರೆ. ಅಳತೆ ಎಲ್ಲಿ ಅತಿ ಜಾಸ್ತಿ ಬಂತೋ ಅದೇ ವ್ಯಾಸ ಅಂತ ಗೆರೆ ಹೊಡೆದು, ಅರ್ಧಕ್ಕೆ ಚುಕ್ಕಿ ಇಟ್ಟುಬಿಡುತ್ತಾರೆ.

ಈ ದಾರಿ ಕೈಕೊಡುತ್ತದೆ. 20 ಸೆಂ.ಮೀ. ವ್ಯಾಸದ ವೃತ್ತದಲ್ಲಿ ಸ್ಕೇಲ್ ಕೇಂದ್ರದಿಂದ 1 ಸೆಂ.ಮೀ. ಪಕ್ಕಕ್ಕೆ ಸರಿದಿದ್ದರೂ ಅಳತೆಯಲ್ಲಿ ಕಡಿಮೆಯಾಗುವುದು ಬರೀ 1 ಮಿ.ಮೀ. ಅಷ್ಟು ಚಿಕ್ಕ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ತೂತು ಮಾತ್ರ 1 ಸೆಂ.ಮೀ. ಆಚೆ ಬೀಳುತ್ತದೆ! ವ್ಯಾಸ ಹುಡುಕುವುದನ್ನು ಬಿಟ್ಟುಬಿಡಿ, ಜ್ಯಾ ಹಿಡಿಯಿರಿ.

ವೃತ್ತದ ಮೇಲಿನ ಯಾವುದೇ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯೇ ಜ್ಯಾ. ಜ್ಯಾದ ನಡುವಿನಿಂದ ಅದಕ್ಕೆ ಲಂಬವಾಗಿ ಎಳೆದ ಗೆರೆ ಕೇಂದ್ರವನ್ನು ಹಾದೇ ಹೋಗುತ್ತದೆ. ಅಂಥ ಎರಡು ಗೆರೆ ಎಳೆದರೆ ಅವು ಸೇರುವ ಕಡೆ ಕೇಂದ್ರ. ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಮೂರನೇ ಭಾಗದ ಮೊದಲ ಪ್ರಮೇಯವೇ ಕೇಂದ್ರ ಹುಡುಕುವುದು ಹೇಗೆ ಎಂಬುದು.

ಹಂತ 1. ಕೈವಾರ, ಸ್ಕೇಲ್, ಚೂಪಾದ ಪೆನ್ಸಿಲ್ ತೆಗೆದಿಟ್ಟುಕೊಳ್ಳಿ. ತೆಳು ತಗಡಿನ ಅಗ್ಗದ ಕೈವಾರ ಬೇಡವೇ ಬೇಡ. ಗೆರೆ ಎಳೆಯುವಾಗಲೇ ಅದರ ಕಾಲು ಅಗಲವಾಗುತ್ತದೆ. ನಡುವೆ ತಿರುಪು ಇದ್ದು, ತಿರುಗಿಸಿದರೆ ಮಾತ್ರ ಕಾಲು ಸರಿಯುವಂಥದ್ದು ಕೊಳ್ಳಿ.

ಹಂತ 2. ವೃತ್ತದೊಳಗೆ ಎರಡು ಜ್ಯಾ ಎಳೆಯಿರಿ. ಉದ್ದವಾಗಿರಲಿ. ಒಂದು ಅಡ್ಡಕ್ಕಿದ್ದರೆ ಇನ್ನೊಂದು ಹೆಚ್ಚುಕಮ್ಮಿ ಉದ್ದಕ್ಕಿರಲಿ.

ಹಂತ 3. ಕೆಲಸ ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಜ್ಯಾದ ಒಂದು ತುದಿಯಲ್ಲಿ ಕೈವಾರದ ಮುಳ್ಳು ಊರಿ, ಜ್ಯಾದ ಎರಡೂ ಬದಿಗೆ ಒಂದೊಂದು ಕಂಸ, ಅಂದರೆ ವೃತ್ತದ ಚೂರಿನಂಥ ಬಾಗಿದ ಗೆರೆ, ಎಳೆಯಿರಿ. ಕೈವಾರದ ಅಗಲ ಬದಲಿಸದೆ ಇನ್ನೊಂದು ತುದಿಯಿಂದಲೂ ಹಾಗೇ ಮಾಡಿ. ಕಂಸಗಳು ದಾಟುವ ಎರಡು ಜಾಗಗಳನ್ನು ಸೇರಿಸಿದರೆ ಲಂಬಾರ್ಧಕ, ಅಂದರೆ ಜ್ಯಾದ ನಡುವೆ ಲಂಬವಾಗಿ ಹಾಯುವ ಆ ಗೆರೆ, ಸಿಕ್ಕಿತು.

ಕೈವಾರವನ್ನು ಎಷ್ಟು ಅಗಲಿಸಬೇಕು? ‘ಜ್ಯಾದ ಅರ್ಧಕ್ಕಿಂತ ಜಾಸ್ತಿ’ ಎಂದಷ್ಟೇ ಪಾಠದಲ್ಲಿ ಹೇಳಿರುತ್ತಾರೆ. ಅರ್ಧಕ್ಕಿಂತ ಸುಮ್ನೆ ಕೂದಲೆಳೆಯಷ್ಟು ಜಾಸ್ತಿ ಇಟ್ಟರೆ ಎರಡು ಕಂಸಗಳೂ ಒಂದಕ್ಕೊಂದು ಉಜ್ಜಿಕೊಂಡು ಹೋಗುತ್ತವೆ, ಎಲ್ಲಿ ದಾಟಿದವು ಅಂತಲೇ ಗೊತ್ತಾಗುವುದಿಲ್ಲ. ಜ್ಯಾ 10 ಸೆಂ.ಮೀ. ಇದ್ದರೆ ಕೈವಾರ 7 ಸೆಂ.ಮೀ. ಇಡಿ. ಆಗ ಕಂಸಗಳು ಹತ್ತಿರಹತ್ತಿರ ಲಂಬಕೋನದಲ್ಲಿ ದಾಟುತ್ತವೆ. ಎರಡು ಜ್ಯಾಗಳನ್ನು ಅಡ್ಡ-ಉದ್ದ ಎಳೆಯಿರಿ ಎಂದದ್ದೂ ಇದಕ್ಕೇ. 0.5 ಮಿ.ಮೀ. ದಪ್ಪದ ಎರಡು ಗೆರೆಗಳು 10 ಡಿಗ್ರಿ ಕೋನದಲ್ಲಿ ದಾಟಿದರೆ, ಒಂದರ ಮೇಲೊಂದು ಬೀಳುವ ಜಾಗ 5 ಮಿ.ಮೀ.ಗಿಂತ ಉದ್ದವಿರುತ್ತದೆ. ಅದರಲ್ಲಿ ಕೇಂದ್ರ ಎಲ್ಲಿ ಅಂತ ಹುಡುಕುತ್ತೀರಿ?

ಮುಳ್ಳನ್ನು ನೆಟ್ಟಗೆ ಊರಿ. ಕೈವಾರವನ್ನು ಮೇಲಿನ ಹಿಡಿಯಿಂದ ತಿರುಗಿಸಿ, ಕಾಲು ಹಿಡಿದು ತಳ್ಳಬೇಡಿ. ಹಲಗೆಯ ಮೇಲಾದರೆ ಹೊರಬದಿಗೆ ಕಂಸ ಎಳೆಯಲು ಜಾಗವೇ ಇರುವುದಿಲ್ಲ, ಅಲ್ವಾ? ಆಗ ಒಳಬದಿಯಲ್ಲೇ ಎರಡು ದಾಟು ಮಾಡಿಕೊಳ್ಳಿ. ಮೊದಲು ಒಂದು ಅಗಲದಲ್ಲಿ ಎರಡೂ ತುದಿಗಳಿಂದ ಕಂಸ ಎಳೆಯಿರಿ. ಆಮೇಲೆ ಕೈವಾರವನ್ನು ಇನ್ನಷ್ಟು ಅಗಲಿಸಿ ಮತ್ತೆ ಎರಡೂ ತುದಿಗಳಿಂದ ಎಳೆಯಿರಿ.

ಹಂತ 4. ಎರಡನೇ ಜ್ಯಾಗೂ ಇದೇ ಕೆಲಸ. ಲಂಬಾರ್ಧಕಗಳು ಸೇರುವ ಕಡೆ ಚುಕ್ಕಿ ಇಡಿ.

ಹಂತ 5. ಪರೀಕ್ಷೆ. ಇದನ್ನು ಬಿಡಬೇಡಿ. ಚುಕ್ಕಿಯಲ್ಲಿ ಮುಳ್ಳು ಊರಿ, ಪೆನ್ಸಿಲನ್ನು ಅಂಚಿಗೆ ಮುಟ್ಟಿಸಿ ಸುತ್ತು ಹಾಕಿ. ಒಂದು ಕಡೆ ಒಳಗೆ, ಅದರ ಎದುರು ಬದಿಯಲ್ಲಿ ಹೊರಗೆ ಹೋದರೆ ಚುಕ್ಕಿ ತಪ್ಪಿದೆ. ಒಂದು ನೇರದಲ್ಲಿ ಎರಡೂ ಬದಿ ಒಳಗೆ, ಅದಕ್ಕೆ ಅಡ್ಡ ನೇರದಲ್ಲಿ ಎರಡೂ ಬದಿ ಹೊರಗೆ ಹೋದರೆ ವಸ್ತುವೇ ಗುಂಡಗಿಲ್ಲ. ತೆಳು ಪ್ಲಾಸ್ಟಿಕ್ ಮುಚ್ಚಳಗಳು ಒತ್ತಿದರೆ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಅವುಗಳ ಸುತ್ತ ಗೆರೆ ಎಳೆಯಲು ಹೋಗಬೇಡಿ.

ಅಡ್ಡದಾರಿಗಳೂ ಇವೆ. ಕಾಗದದ ವೃತ್ತವಾದರೆ ಕತ್ತರಿಸಿ, ಬೇರೆಬೇರೆ ದಿಕ್ಕಿನಲ್ಲಿ ಎರಡು ಸಲ ಅರ್ಧಕ್ಕೆ ಮಡಚಿದರೆ ಮುಗಿಯಿತು. ಹಲಗೆಗೆ ಮೂಲೆಮಟ್ಟ ಸಾಕು. ಅದರ ಮೂಲೆಯನ್ನು ವೃತ್ತದ ಅಂಚಿಗೆ ಸರಿಯಾಗಿ ತಾಗಿಸಿ. ಎರಡು ತೋಳುಗಳು ಅಂಚನ್ನು ದಾಟುವ ಜಾಗಗಳನ್ನು ಸೇರಿಸಿದರೆ ಅದೇ ವ್ಯಾಸ. ಅರ್ಧವೃತ್ತದೊಳಗಿನ ಕೋನ ಯಾವಾಗಲೂ ಲಂಬಕೋನ ಎಂಬ ಥೇಲ್ಸ್ ಪ್ರಮೇಯದ ಉಪಯೋಗ ಇದು. ಎರಡು ಕಡೆಯಿಂದ ಹೀಗೆ ಮಾಡಿದರೆ ಕೇಂದ್ರ ಸಿಗುತ್ತದೆ. ಆದರೆ ಮೂಲೆಮಟ್ಟ ನಿಜಕ್ಕೂ 90 ಡಿಗ್ರಿ ಇದೆಯೇ ನೋಡಿಕೊಳ್ಳಿ. ನೇರ ಅಂಚಿಗೆ ತಾಗಿಸಿ ಒಂದು ಗೆರೆ ಎಳೆದು, ಮಗುಚಿ ಹಾಕಿ ಅಲ್ಲೇ ಇನ್ನೊಂದು ಎಳೆಯಿರಿ. ಗೆರೆಗಳು ಕವಲೊಡೆದರೆ ಮೂಲೆಮಟ್ಟ ಸುಳ್ಳು ಹೇಳುತ್ತಿದೆ. ನನಗಂತೂ ಜ್ಯಾ ದಾರಿಯೇ ಸರಿ.

ವೃತ್ತದ ಒಂದು ಚೂರು ಮಾತ್ರ ಉಳಿದಿದ್ದರೆ? ಒಡೆದ ತಟ್ಟೆಯ ಅಂಚು ಅಂದುಕೊಳ್ಳಿ. ಅದಕ್ಕೊಂದು ಜ್ಯಾ ಎಳೆದು ಅಳೆಯಿರಿ. ಜ್ಯಾದ ನಡುವಿನಿಂದ ಕಂಸದವರೆಗಿನ ಎತ್ತರವನ್ನೂ ಅಳೆಯಿರಿ. ಜ್ಯಾದ ವರ್ಗವನ್ನು ಎತ್ತರದ 8 ಪಟ್ಟಿನಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಸೇರಿಸಿದರೆ ತ್ರಿಜ್ಯ ಬರುತ್ತದೆ. ಜ್ಯಾ 24 ಸೆಂ.ಮೀ., ಎತ್ತರ 4 ಸೆಂ.ಮೀ. ಎಂದರೆ 576 ಭಾಗಿಸು 32, ಅಂದರೆ 18. ಅದಕ್ಕೆ 2 ಸೇರಿ 20 ಸೆಂ.ಮೀ. ಎತ್ತರವನ್ನು ಮಾತ್ರ ಎರಡೆರಡು ಸಲ ಅಳೆಯಿರಿ. ಅಲ್ಲಿ 1 ಮಿ.ಮೀ. ತಪ್ಪಿದರೆ ಇದೇ ಲೆಕ್ಕದಲ್ಲಿ ತ್ರಿಜ್ಯ ಸುಮಾರು 4 ಮಿ.ಮೀ. ತಪ್ಪುತ್ತದೆ.