ಇಪ್ಪತ್ಮೂರು ಜಾಗ, ಒಂದು ಹಗಲು: ಹಂಪಿಯಲ್ಲಿ ಬಾಡಿಗೆ ಕಾರು ಓಡಿಸುವವನ ಅನುಭವ

ಹಂಪಿ ನೋಡಲು ಬರುವವರು ಕಾರಿನ ಬಾಗಿಲು ತೆಗೆಯುವ ಮೊದಲೇ ಕೇಳುವುದು ಒಂದೇ ಮಾತು: "ಒಂದು ದಿನದಲ್ಲಿ ಎಲ್ಲ ಮುಗಿಯುತ್ತದೆಯೇ?" ಮುಗಿಯುತ್ತದೆ ಎಂದು ಹೇಳಿ ಬಾಡಿಗೆ ಹಿಡಿಯುತ್ತಿದ್ದ ಕಾಲ ನನಗೂ ಇತ್ತು. ಹಳದಿ ಬೋರ್ಡಿನ ಗಾಡಿ ಹೊಸದು, ಬ್ಯಾಂಕಿನ ಕಂತು ತಲೆಯ ಮೇಲೆ. ಪಾರ್ಟಿ ಕೈಬಿಟ್ಟರೆ ನಿಲ್ದಾಣದ ಮುಂದೆ ಇನ್ನೊಬ್ಬ ಹಿಡಿದುಕೊಳ್ಳುತ್ತಾನೆ ಎಂಬ ಭಯ. ಈಗ ಹೇಳುವುದಿಲ್ಲ. ಯುನೆಸ್ಕೋ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಜಾಗ, ಅದರಲ್ಲಿ 1,600ರಷ್ಟು ಅವಶೇಷಗಳು. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್ ಗುಡ್ಡ ಹತ್ತಿ ನೋಡಿ, ಈ ನಗರ ರೋಮಿನಷ್ಟು ದೊಡ್ಡದು ಎಂದು ಬರೆದಿಟ್ಟ. ಗುಡ್ಡದ ಮೇಲಿನಿಂದಲೂ ಪೂರ್ತಿ ಕಾಣಲಿಲ್ಲ ಎಂದೂ ಬರೆದ. ಅವನಿಗೇ ಕಾಣದ್ದನ್ನು ನಾನು ಎಂಟು ಗಂಟೆ, ಎಂಬತ್ತು ಕಿಲೋಮೀಟರ್ ಬಾಡಿಗೆಯಲ್ಲಿ ತೋರಿಸುವುದು ಹೇಗೆ?

ಬುದ್ಧಿ ಬಂದದ್ದು ಒಂದು ಸಂಜೆ. ಪಾರ್ಟಿಯವರು ಹೇಳಿದ ಕಡೆಯೆಲ್ಲ ನಿಲ್ಲಿಸುತ್ತ, ಫೋಟೊ ಮುಗಿಯುವವರೆಗೂ ಕಾಯುತ್ತ, ವಿಠ್ಠಲ ದೇವಸ್ಥಾನವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿಗೆ ಹೋಗುವಷ್ಟರಲ್ಲಿ ಟಿಕೆಟ್ ಕೊಡುವುದು ನಿಂತಿತ್ತು. ಐವತ್ತು ರೂಪಾಯಿಯ ನೋಟಿನ ಮೇಲಿರುವ ಕಲ್ಲಿನ ರಥ ಅಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿತ್ತು. ಅದನ್ನು ನೋಡಬೇಕೆಂದೇ ಬಂದಿದ್ದ ಹುಡುಗಿ ಕಾರಿನ ಹಿಂದಿನ ಸೀಟಿನಲ್ಲಿ ಹೊಸಪೇಟೆಯವರೆಗೂ ಮಾತಾಡಲಿಲ್ಲ. ಬಾಡಿಗೆ ಪೂರ್ತಿ ಕೊಟ್ಟರು. ಆದರೆ ಆ ದುಡ್ಡು ಜೇಬಿನಲ್ಲಿ ಸರಿಯಾಗಿ ಕೂರಲಿಲ್ಲ.

ಅಂದಿನಿಂದ ದಾರಿಯನ್ನು ನಾನೇ ಹಾಕುತ್ತೇನೆ. ಹಾಕುವ ಮೊದಲು ಎರಡು ಸಂಗತಿ ನೋಡುತ್ತೇನೆ: ಬಿಸಿಲು ಎಲ್ಲಿರುತ್ತದೆ, ಮತ್ತು ಕಾರಿನಲ್ಲಿರುವವರ ಪೈಕಿ ಅತಿ ನೋಯುವ ಮಂಡಿ ಯಾರದು. ಸ್ಮಾರಕಗಳ ಪಟ್ಟಿ ಆಮೇಲೆ.

ಕಳೆದ ಚಳಿಗಾಲದ ಒಂದು ದಿನವನ್ನು ಹೇಳಿದರೆ ತಿಳಿಯುತ್ತದೆ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದ ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಜ್ಜಿ. ಯಜಮಾನರ ಕೈಯಲ್ಲಿ ಮುದ್ರಿಸಿದ ಹಾಳೆ, ಅದರಲ್ಲಿ ಇಪ್ಪತ್ಮೂರು ಜಾಗ, ಒಂದೊಂದರ ಮುಂದೆಯೂ ಇಷ್ಟು ನಿಮಿಷ ಎಂದು ಬರೆದಿತ್ತು. ನದಿಯಾಚೆಯ ಅಂಜನಾದ್ರಿ ಬೆಟ್ಟಕ್ಕೆ ನಲವತ್ತು ನಿಮಿಷ ಇಟ್ಟಿದ್ದರು. ಅಂಜನಾದ್ರಿಗೆ 575 ಮೆಟ್ಟಿಲು. ನಕ್ಷೆಯಲ್ಲಿ ಅಂಜನಾದ್ರಿಯ ಕಡೆಯ ಊರು ಆನೆಗೊಂದಿ ವಿಠ್ಠಲ ದೇವಸ್ಥಾನಕ್ಕೆ ತೀರ ಹತ್ತಿರ ಕಾಣುತ್ತದೆ, ನಿಜ. ಆದರೆ ನಡುವೆ ತುಂಗಭದ್ರೆ ಇದ್ದಾಳೆ. ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಯವರ ಪ್ರಾಣ ಹೋಯಿತು. ಕಾರು ದಾಟಬೇಕಾದರೆ ಬುಕ್ಕಸಾಗರದ ಕಡೆಯಿಂದ ಸುತ್ತು ಹಾಕಬೇಕು. ಇದನ್ನೆಲ್ಲ ಯಜಮಾನರಿಗೆ ಹೇಳಿದೆ. "ಸಾರ್, ಆಚೆ ದಡಕ್ಕೆ ಒಂದು ಇಡೀ ದಿನ ಬೇಕು. ಈ ದಿನ ಈಚೆ ದಡ ಮಾತ್ರ, ಒಂಬತ್ತು ಜಾಗ." ಅವರ ಮುಖ ಸಪ್ಪಗಾಯಿತು. ಅಜ್ಜಿ ಕೇಳಿಸಿಕೊಂಡು, "ಒಂಬತ್ತೂ ಜಾಸ್ತಿಯೇ ತಮ್ಮಾ" ಎಂದರು.

ಡಿಕ್ಕಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಸ್ಟೂಲ್ ಇಟ್ಟಿರುತ್ತೇನೆ, ಎತ್ತರದ ಗಾಡಿಗೆ ವಯಸ್ಸಾದವರು ಹತ್ತಿ ಇಳಿಯಲು. ಒಂದಿಷ್ಟು ಹಳೆಯ ಕಾಲುಚೀಲವನ್ನೂ ಇಟ್ಟಿರುತ್ತೇನೆ. ಚಪ್ಪಲಿ ಬಿಟ್ಟು ನಡೆಯಬೇಕಾದ ವಿರೂಪಾಕ್ಷನ ಅಂಗಳದಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಹೆಂಚಿನಂತೆ ಕಾಯುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಂತೂ ದೊಡ್ಡವರೂ ಅಲ್ಲಿ ಮಕ್ಕಳಂತೆ ಕುಣಿಯುವುದನ್ನು ನೋಡಿದ್ದೇನೆ. ಇನ್ನೊಂದು ಮಾತು, ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಕಾರಿನಿಂದ ಇಳಿಯಬೇಡಿ. ಹಂಪಿಯ ಕೋತಿಗಳಿಗೆ ನಿಮ್ಮ ಚೀಲದ ಯಾವ ಜೇಬಿನಲ್ಲಿ ಏನಿದೆ ಎಂಬುದು ನಿಮಗಿಂತ ಚೆನ್ನಾಗಿ ಗೊತ್ತು.

ಹೊಸಪೇಟೆ ಬಿಟ್ಟ ಕೂಡಲೇ ಸಿಗುವುದು ಅನಂತಶಯನಗುಡಿ. ಮುಕ್ಕಾಲು ಪಾಲು ಗಾಡಿಗಳು ಇದನ್ನು ನೋಡದೆ ಹಾದುಹೋಗುತ್ತವೆ, ಯಾಕೋ. ಕೃಷ್ಣದೇವರಾಯ ತನ್ನ ಮಗ ತಿರುಮಲನ ಹೆಸರಿನಲ್ಲಿ 1524ರಲ್ಲಿ ಇಲ್ಲೊಂದು ಪುರ ಕಟ್ಟಿಸಿದ, ಅದರ ದೇವಸ್ಥಾನ ಇದು. ಗರ್ಭಗುಡಿಯ ಮೇಲೆ ಸಾಮಾನ್ಯ ಶಿಖರವಿಲ್ಲ. ಉದ್ದಕ್ಕೆ ಮಲಗಿದಂತೆ ಇರುವ, 24 ಮೀಟರ್ ಎತ್ತರದ ಗುಮ್ಮಟ. ಮಲಗಿದ ದೇವರಿಗೆ ಮಲಗಿದ ಗೋಪುರ. ರಸ್ತೆಯ ಪಕ್ಕದಲ್ಲೇ ಕಾರು ನಿಲ್ಲುತ್ತದೆ, ಬೆಳಗಿನ ಹೊತ್ತು ಒಬ್ಬರೂ ಇರುವುದಿಲ್ಲ, ಹದಿನೈದು ನಿಮಿಷ ಸಾಕು. ನಾನು ಯಾವಾಗಲೂ ಹೇಳುವಂತೆ ಹೇಳಿದೆ: "ಒಳಗೆ ಪೀಠ ಮಾತ್ರ ಇದೆ, ಮೂರ್ತಿ ಇಲ್ಲ."

ಅಜ್ಜಿ ಸ್ಟೂಲಿನ ಮೇಲೆ ಕಾಲಿಟ್ಟವರು ಅಲ್ಲೇ ನಿಂತರು. "ಇಲ್ಲದೆ ಏನು? ಅವನು ನಮ್ಮ ಹೊಳಲಿನಲ್ಲಿ ಇದ್ದಾನೆ."

ಅವರ ತವರು ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಬಳಿಯ ಹಳ್ಳಿ. ಚಿಕ್ಕಂದಿನಲ್ಲಿ ಕೇಳಿದ ಕಥೆಯನ್ನು ಗುಡಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದರು. ರಾಯ ಗುಡಿ ಕಟ್ಟಿಸಿ ಹೊಳಲಿನ ಅನಂತಶಯನನನ್ನು ಕರೆಯಲು ಹೋದನಂತೆ. ದೇವರು ಒಪ್ಪಿದ, ಆದರೆ ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ತಿರುಗಿ ಮಾತ್ರ ನೋಡಬೇಡ ಎಂದ. ಸ್ವಲ್ಪ ದೂರ ಹೋಗುವುದರೊಳಗೆ ರಾಯನಿಗೆ ಅನುಮಾನ ಬಂತು, ತಿರುಗಿ ನೋಡಿದ. ದೇವರು ಅಲ್ಲೇ ಉಳಿದ. ಕಥೆಯನ್ನು ಕಥೆಯಾಗಿಯೇ ಕೇಳಿಕೊಂಡೆ. ಆದರೂ ಇಷ್ಟು ವರ್ಷ ಈ ಗುಡಿಯ ಮುಂದೆ ನಿಂತು "ಮೂರ್ತಿ ಇಲ್ಲ" ಎಂದಷ್ಟೇ ಹೇಳಿ ಕಳಿಸಿದ್ದಕ್ಕೆ ನಾಚಿಕೆಯಾಯಿತು. ಚಾಲಕನಾಗಿ ಒಂದು ಮಾತನ್ನೂ ಸೇರಿಸಿದೆ: "ಅಜ್ಜಿ, ಹಿಂದೆ ನೋಡಬಾರದು ಎಂದರೆ ನನ್ನಿಂದಲೂ ಆಗುತ್ತಿರಲಿಲ್ಲ, ಅಭ್ಯಾಸವಾಗಿ ಕನ್ನಡಿಗೆ ಕಣ್ಣು ಹೋಗುತ್ತದೆ." ಅವರು ನಕ್ಕಿದ್ದರಿಂದ ಇಡೀ ದಿನ ಸಲೀಸಾಯಿತು.

ವಿರೂಪಾಕ್ಷ ಮೊದಲು, ಬಿಸಿಲೇರುವ ಮುಂಚೆ. ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 1565ರ ಯುದ್ಧದ ನಂತರ ನಗರ ಹಾಳಾದರೂ ಈ ಗುಡಿಯ ದೀಪ ಉಳಿಯಿತು. ಕಾರು ಬಸ್ ನಿಲ್ದಾಣದ ಬಳಿಯೇ ನಿಲ್ಲಬೇಕು, ಅಲ್ಲಿಂದ ನಡಿಗೆ, ಆದರೆ ನೆಲ ಸಮತಟ್ಟು. ಹೇಮಕೂಟ ಗುಡ್ಡದ ಕಡೆಯಿಂದ ಇಳಿದು ಬರುವುದು ನೋಡಲು ಸೊಗಸು, ಮಂಡಿಗೆ ಶಿಕ್ಷೆ. ಹಾಗಾಗಿ ಯಜಮಾನರನ್ನೂ ಮಕ್ಕಳನ್ನೂ ಕಡಲೆಕಾಳು ಗಣಪತಿಯ ಹತ್ತಿರ ಇಳಿಸಿ ಹೇಮಕೂಟದ ಮೇಲಿನಿಂದ ಬನ್ನಿ ಎಂದು ಕಳಿಸಿದೆ. ಅಜ್ಜಿ ಮತ್ತು ಸೊಸೆಯನ್ನು ಕೆಳಗಿನಿಂದ ಕರೆದುಕೊಂಡು ಹೋದೆ. ಎರಡೂ ಗುಂಪಿನವರು ಗೋಪುರದ ಬಾಗಿಲಲ್ಲಿ ಸೇರಿದರು. ಕಾರು ಬಾಡಿಗೆಗೆ ತೆಗೆದುಕೊಳ್ಳುವುದರ ನಿಜವಾದ ಲಾಭ ಇದು. ಬಸ್ಸಿನ ಪ್ರವಾಸದಲ್ಲಿ ನಲವತ್ತು ಜನ ಒಂದೇ ಕಾಲಿನಲ್ಲಿ ನಡೆಯಬೇಕು.

ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿನ ಸಣ್ಣ ಕಿಂಡಿಯಿಂದ ಬೆಳಕು ಬರುವುದೇ ಅದಕ್ಕೆ ಕಾರಣ. ಮಕ್ಕಳು ಅದನ್ನು ನೋಡಿ ಬಂದ ಮೇಲೆ ಅರ್ಧ ಗಂಟೆ ಮೊಬೈಲ್ ಮುಟ್ಟಲಿಲ್ಲ.

ಅಲ್ಲಿಂದ ಕಮಲಾಪುರದ ದಾರಿ. ಕೃಷ್ಣ ದೇವಾಲಯ, ಉಗ್ರನರಸಿಂಹ, ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ, ಎಲ್ಲ ಒಂದೇ ಸಾಲಿನಲ್ಲಿ. 6.7 ಮೀಟರ್ ಎತ್ತರದ ನರಸಿಂಹನನ್ನು 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದಿದ್ದಾರೆ. ಬಡವಿಲಿಂಗದ ಕೆಳಗಿನ ನೀರನ್ನು ಮಾತ್ರ ತೋರಿಸದೆ ಬಿಡಬೇಡಿ: ಅದು ವಿಜಯನಗರದ ಕಾಲದ ಕಾಲುವೆಯ ನೀರು. ತುರ್ತು ಎಂಬ ಹೆಸರಿನ ಅದೇ ಕಾಲುವೆ ರಸ್ತೆಯ ಪಕ್ಕದ ಬಾಳೆ ತೋಟಗಳಿಗೂ ಹರಿಯುತ್ತದೆ. ಅರಮನೆಗಳೆಲ್ಲ ಬುನಾದಿ ಮಾತ್ರವಾಗಿ ಉಳಿದಿರುವ ಊರಿನಲ್ಲಿ ರಾಯರು ಮಾಡಿಸಿದ ಒಂದು ಕೆಲಸ ಈ ಹೊತ್ತಿಗೂ ನಡೆಯುತ್ತಿದೆ ಎಂದರೆ ಅದು ಈ ಕಾಲುವೆ. ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದರೆ ಸದ್ದು ಕೇಳುತ್ತದೆ.

ರಾಣಿವಾಸ ಎನ್ನುವ ಜನಾನಾ ಆವರಣದಲ್ಲಿ ಟಿಕೆಟ್. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅದೇ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಇದನ್ನು ತಿಳಿಯದೆ ಆ ಆವರಣದ ಕಮಲ ಮಹಲ್ ನೋಡಿ ಬರುತ್ತಲೇ ಹರಿದು ಎಸೆದವರು ಎಷ್ಟೋ ಜನ. ಹಾಗಾಗಿ ಹೊರಗೆ ಬಂದವರ ಕೈಯಿಂದ ಟಿಕೆಟ್ ಇಸಿದುಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಡುತ್ತೇನೆ, ಕಂಡಕ್ಟರ್‌ನಂತೆ.

ಗೈಡ್ ವಿಚಾರದಲ್ಲಿ ನನ್ನದೊಂದು ಕಟ್ಟುನಿಟ್ಟು. ಕಾರಿನೊಳಗೆ ನಾನು ಎಷ್ಟಾದರೂ ಹೇಳುತ್ತೇನೆ, ಇಳಿದ ಮೇಲೆ ಬಾಯಿ ಮುಚ್ಚುತ್ತೇನೆ. ಇಲಾಖೆಯ ಗುರುತಿನ ಚೀಟಿ ಇರುವ ಗೈಡ್‌ಗಳು ಇದ್ದಾರೆ, ಅದು ಅವರ ಅನ್ನ. ದಿನವಿಡೀ ಬೇಡವೆಂದರೂ ಹಜಾರರಾಮನ ಗುಡಿ ಮತ್ತು ವಿಠ್ಠಲ, ಈ ಎರಡು ಕಡೆ ತೆಗೆದುಕೊಳ್ಳಿ ಎನ್ನುತ್ತೇನೆ. ಹಜಾರರಾಮನ ಗೋಡೆಯ ಮೇಲೆ ರಾಮಾಯಣ ಸಾಲು ಸಾಲಾಗಿ ಇದೆ. ಎಲ್ಲಿಂದ ಶುರು, ಯಾವ ಕಡೆಗೆ ತಿರುಗಬೇಕು ಎಂದು ಹೇಳುವವರು ಇಲ್ಲದಿದ್ದರೆ ಅದು ಬರೀ ಗೊಂಬೆಗಳ ಗುಂಪು. ರಾಮಾಯಣ ಬಲ್ಲ ಅಜ್ಜಿ ಇದನ್ನು ಓದಿಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಬೇವಿನ ನೆರಳಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಸೀಟು ಒರಗಿಸಿಕೊಂಡು ನಿದ್ದೆ ಹೋದರು.

ಮಹಾನವಮಿ ದಿಬ್ಬದ ಸುತ್ತ ನೆರಳು ಎಂಬುದೇ ಇಲ್ಲ, ಹನ್ನೊಂದರೊಳಗೆ ಮುಗಿಸಬೇಕು. ದಿಬ್ಬಕ್ಕಿಂತ ನನಗೆ ಅಲ್ಲಿನ ಮೆಟ್ಟಿಲ ಪುಷ್ಕರಣಿ ಮೆಚ್ಚು. 1980ರ ದಶಕದಲ್ಲಿ ಅಗೆದಾಗ ಹೊರಬಂತು. ಒಂದೊಂದು ಕಲ್ಲಿನ ಮೇಲೂ ಅದು ಯಾವ ದಿಕ್ಕಿನ, ಎಷ್ಟನೆಯ ಸಾಲಿನದು ಎಂಬ ಗುರುತು ಕೊರೆದಿದ್ದಾರೆ. ಕಲ್ಲುಕುಟಿಗರು ಬೇರೆಡೆ ಸಿದ್ಧಮಾಡಿ ತಂದು ಇಲ್ಲಿ ಜೋಡಿಸಿದ್ದಾರೆ. ಹುಡುಗ ಬಗ್ಗಿ ಆ ಗುರುತು ಹುಡುಕುತ್ತ ಅಪ್ಪನ ಹಾಳೆಯಲ್ಲಿ ಬರೆದಿದ್ದ ಹತ್ತು ನಿಮಿಷವನ್ನು ಮೂವತ್ತು ಮಾಡಿದ. ರಾಣಿಯರ ಸ್ನಾನಗೃಹವನ್ನು ಕಾರಿನಿಂದಲೇ ತೋರಿಸಿದೆ, ಯಾರೂ ಬೇಸರಪಟ್ಟಂತೆ ಕಾಣಲಿಲ್ಲ.

ಮಧ್ಯಾಹ್ನದ ಕಡು ಬಿಸಿಲಿಗೆ ವಸ್ತುಸಂಗ್ರಹಾಲಯ. ಶುಕ್ರವಾರ ಅದಕ್ಕೆ ರಜೆ, ಹಾಗಾಗಿ ಶುಕ್ರವಾರ ಬರುವವರಿಗೆ ಊಟದ ಹೊತ್ತನ್ನು ಉದ್ದ ಮಾಡುವುದಲ್ಲದೆ ಬೇರೆ ದಾರಿ ಇಲ್ಲ. ಅಲ್ಲಿ ಬಂಡೆ, ಹೊಳೆ, ಗುಡಿ ಎಲ್ಲವನ್ನೂ ಸಣ್ಣದಾಗಿ ಮಾಡಿಟ್ಟ ಹಂಪಿಯ ಮಾದರಿ ಇದೆ. ಯಜಮಾನರು ಅದರ ಸುತ್ತ ಎರಡು ಸುತ್ತು ಬಂದು, ಬೆಳಗಿನಿಂದ ಓಡಾಡಿದ್ದು ಇಷ್ಟೇನಾ ಎಂದು ಅಂಗೈಯಲ್ಲಿ ಅಳೆದರು. ಅಂಗೈಗಿಂತ ಕಡಿಮೆ ಇತ್ತು. ಆಮೇಲೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದರು.

ಮೂರು ಗಂಟೆಗೆ ವಿಠ್ಠಲ. ಕಾರುಗಳಿಗೆ ನಿಲುಗಡೆಯವರೆಗೆ ಮಾತ್ರ ದಾರಿ, ಮುಂದಿನ ಒಂದು ಕಿಲೋಮೀಟರಿಗೆ ಬ್ಯಾಟರಿ ಗಾಡಿ. ಹೊಗೆ, ಅದುರುವಿಕೆ ಎರಡೂ ಆ ಕಲ್ಲುಗಳಿಗೆ ಒಳ್ಳೆಯದಲ್ಲ, ನನ್ನ ಗಾಡಿಯನ್ನು ದೂರ ಇಟ್ಟದ್ದು ಸರಿಯೇ. ಆ ಗಾಡಿಗಳನ್ನು ಓಡಿಸುವವರಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೂ ಇದ್ದಾರೆ. ರಜಾ ದಿನಗಳಲ್ಲಿ ಸಾಲು ಬಹಳ ಉದ್ದವಿರುತ್ತದೆ, ಒಂದು ಗಂಟೆಯನ್ನು ಅದಕ್ಕೇ ತೆಗೆದಿಡಬೇಕು. ಸಂಗೀತದ ಕಂಬಗಳನ್ನು ಬಡಿದು ನೋಡಲು ಈಗ ಬಿಡುವುದಿಲ್ಲ, ಇದನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿ ತಯಾರು ಮಾಡಿದ್ದೆ. ಅಜ್ಜಿ ರಥಕ್ಕಿಂತ ಹೆಚ್ಚಾಗಿ ಬ್ಯಾಟರಿ ಗಾಡಿ ಓಡಿಸಿದ ಹುಡುಗಿಯ ಸುದ್ದಿಯನ್ನು ಹೊತ್ತು ತಂದರು: ಯಾವ ಊರು, ತಿಂಗಳಿಗೆ ಎಷ್ಟು, ಮದುವೆ ಯಾವಾಗ.

ಸೂರ್ಯಾಸ್ತಕ್ಕೆ ಎಲ್ಲರೂ ಹೇಮಕೂಟ, ಮಾತಂಗ ಎನ್ನುತ್ತಾರೆ. ಮಾತಂಗ ಹತ್ತುವುದು ಕಷ್ಟ, ಕತ್ತಲಲ್ಲಿ ಇಳಿಯುವುದು ಅಪಾಯ. ನಾನು ಮಾಲ್ಯವಂತಕ್ಕೆ ಕರೆದೊಯ್ಯುತ್ತೇನೆ. ವಿಠ್ಠಲದಿಂದ ಹಿಂತಿರುಗುವ ದಾರಿಯಲ್ಲೇ ಇದೆ, ರಘುನಾಥನ ಗುಡಿಯ ಬಾಗಿಲವರೆಗೂ ಕಾರು ಹೋಗುತ್ತದೆ. ರಾಮಲಕ್ಷ್ಮಣರು ಮಳೆಗಾಲ ಕಳೆದದ್ದು ಈ ಗುಡ್ಡದ ಮೇಲೆ ಎನ್ನುತ್ತಾರೆ. ಒಳಗೆ ಸಾಧುಗಳು ರಾಮಾಯಣ ಹಾಡುತ್ತಲೇ ಇರುತ್ತಾರೆ. ಯಜಮಾನರು, ಮಕ್ಕಳು ಗುಡಿಯ ಹಿಂದಿನ ಬಂಡೆಗೆ ಹೋದರು. ಅಜ್ಜಿ ಹಾರ್ಮೋನಿಯಂ ಎದುರು ಕಂಬಕ್ಕೆ ಒರಗಿ ಕುಳಿತರು. ನಾನು ಹೊರಗೆ ಗಾಜು ಒರೆಸುತ್ತ ನಿಂತೆ.

ಇಳಿಯುವಾಗ ಯಜಮಾನರು ಮಡಿಸಿದ ಹಾಳೆಯನ್ನು ಮತ್ತೆ ಬಿಚ್ಚಿದರು. ಹದಿನಾಲ್ಕು ಜಾಗ ಉಳಿದಿದ್ದವು. "ನಾಳೆ ಆನೆಗೊಂದಿಯ ಕಡೆ ಹೋಗೋಣವೇ?" ಎಂದು ನನ್ನನ್ನು ಕೇಳಿದರು. ಉತ್ತರ ಹಿಂದಿನ ಸೀಟಿನಿಂದ ಬಂತು.

"ನಾಳೆ ಹೊಳಲಿಗೆ. ಬೆಳಗ್ಗೆ ಐದೂವರೆಗೆ ಬಾ ತಮ್ಮಾ, ಪೂಜೆಯ ಹೊತ್ತಿಗೆ ಮುಟ್ಟಬೇಕು."

ಹೊಳಲು ಸ್ಥಳೀಯ ಬಾಡಿಗೆಯಲ್ಲಿ ಬರುವುದಿಲ್ಲ, ಹಡಗಲಿ ದಾಟಬೇಕು, ಕಿಲೋಮೀಟರ್ ಲೆಕ್ಕ ಬೇರೆ ಎಂದು ಯಜಮಾನರಿಗೆ ವಿವರಿಸಿದೆ. ಅವರು ಕನ್ನಡಿಯಲ್ಲಿ ತಾಯಿಯ ಮುಖ ನೋಡಿ, ಆಗಲಿ ಎಂದರು. ನಾನೂ ಆ ಊರನ್ನು ನೋಡಿರಲಿಲ್ಲ. ಅವರನ್ನು ಲಾಡ್ಜಿಗೆ ಬಿಟ್ಟು, ಡೀಸೆಲ್ ತುಂಬಿಸಿ, ಸ್ಟೆಪ್ನಿಯ ಗಾಳಿ ನೋಡಿಕೊಂಡು ಮನೆಗೆ ಹೋದೆ.